ಆಲೆಮನೆಯ ಬೆಂಕಿ ಬೆಳಕಿಗೆ 500ರ ಫಿಲ್ಮ್ ಸಾಕಾಗುತ್ತದೆಯೇ? (ಹಳೇ ಬೋಲೆಕ್ಸ್, ಒಂದೇ ರೋಲು)

ಕಬ್ಬಿನಗದ್ದೆ, ಮಂಡ್ಯ

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳದೆ ವಿಧಿಯಿಲ್ಲ.

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದರು. ಅವರ ಟ್ರಂಕಿನಲ್ಲಿ ಒಂದು ಬೋಲೆಕ್ಸ್ ಎಚ್16 ರಿಫ್ಲೆಕ್ಸ್ ಸಿಕ್ಕಿತು, 16 ಎಂಎಂ ಸಿನಿಮಾ ಕ್ಯಾಮೆರಾ. ಕೀಲಿ ಕೊಟ್ಟರೆ ಓಡುತ್ತದೆ. ಲೆನ್ಸ್ ಮೂರು (ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ): 10 ಎಂಎಂ ಸ್ವಿಟಾರ್ ಎಫ್ 1.6, 25 ಎಂಎಂ ಸ್ವಿಟಾರ್ ಎಫ್ 1.4, 75 ಎಂಎಂ ಈವಾರ್ ಎಫ್ 2.8. ಕೊಡಾಕ್ ವಿಷನ್3 500ಟಿ (500 ಅಂದರೆ ಫಿಲ್ಮ್ ಬೆಳಕು ಹಿಡಿಯುವ ವೇಗ), 100 ಅಡಿಯ ಒಂದೇ ಒಂದು ರೋಲು ತರಿಸಿದ್ದೇನೆ. ಅದರ ಬೆಲೆ ಗೊತ್ತಾದ ಮೇಲೆ ಮನೆಯಲ್ಲಿ ನನ್ನ ಜೊತೆ ಮಾತು ಸ್ವಲ್ಪ ಕಮ್ಮಿ.

ನಮ್ಮ ಗದ್ದೆಯ ಪಕ್ಕದ ಆಲೆಮನೆ ಈ ಸಲದ ಕಬ್ಬು ಮುಗಿದರೆ ನಿಲ್ಲುತ್ತದಂತೆ. ಮಾಲೀಕರಿಗೆ ವಯಸ್ಸಾಯಿತು, ಮಕ್ಕಳಿಗೆ ಬೇಡ. ನಾನು ಚಿಕ್ಕವನಿದ್ದಾಗಿಂದ ಆ ಒಲೆಯ ಮುಂದೆ ಕೂತು ಬಿಸಿ ಬೆಲ್ಲ ನೆಕ್ಕಿದವನು. ರಾತ್ರಿ ಕೊಪ್ಪರಿಗೆ ಕಾಯಿಸುವುದನ್ನು ಫಿಲ್ಮಿನಲ್ಲಿ ಹಿಡಿಯಬೇಕು ಅಂತ ಆಸೆ. ಬೆಳಕು ಅಂದರೆ ಒಲೆಯ ಬಾಯಿಂದ ಬರುವ ಬೆಂಕಿ, ಮತ್ತೆ ಗಾಣದ ಹತ್ತಿರ ಒಂದು ಟ್ಯೂಬ್‌ಲೈಟ್. ಅಷ್ಟೇ.

ಫೋನಿನ ಲೈಟ್ ಮೀಟರ್‌ನಲ್ಲಿ 500 ಮತ್ತು 1/50 ಸೆಕೆಂಡು ಇಟ್ಟು ಒಲೆಯ ಕಡೆ ತಿರುಗಿಸಿದರೆ ಎಫ್ 5.6 ಅನ್ನುತ್ತದೆ. ಕೊಪ್ಪರಿಗೆಯ ಆಚೆ ನಿಂತವರ ಕಡೆ ತಿರುಗಿಸಿದರೆ ಎಫ್ 0.8. ಯಾವುದನ್ನು ನಂಬಲಿ?

ಬಾಲ್ಕನಿ, ಮೈಸೂರು

ಎಫ್ 0.8 ಲೆನ್ಸ್ ಕೊಳ್ಳುವ ದುಡ್ಡಿಗೆ ಆಲೆಮನೆಯನ್ನೇ ಕೊಳ್ಳಬಹುದು. ಫೋನಿನಲ್ಲೇ ತೆಗೆದುಬಿಡಿ ಮಾರಾಯರೇ.

ಕಬ್ಬಿನಗದ್ದೆ

ಫೋನಿನಲ್ಲಿ ನಲವತ್ತು ವಿಡಿಯೊ ಇವೆ. ಒಂದನ್ನೂ ಎರಡನೇ ಸಲ ನೋಡಿಲ್ಲ.

ಕೀಲಿಕೊಟ್ಟವನು, ಮೈಸೂರು

ಎರಡನ್ನೂ ನಂಬಬೇಡಿ. ಮೊದಲನೆಯದು ಬೆಂಕಿಯನ್ನು ಅಳೆಯಿತು, ಎರಡನೆಯದು ಕತ್ತಲೆಯನ್ನು. ನಿಮಗೆ ಬೇಕಾದ್ದು ಮುಖ. ಅದನ್ನು ಎರಡೂ ನೋಡಲೇ ಇಲ್ಲ.

ಅದಕ್ಕೂ ಮುಂಚೆ 1/50 ಅನ್ನೋ ಲೆಕ್ಕ ನಿಮ್ಮ ಕ್ಯಾಮೆರಾಗೆ ತಪ್ಪು. ಆ ಬೋಲೆಕ್ಸ್‌ನ ಶಟರ್, ಅಂದರೆ ತಿರುಗುತ್ತಾ ಬೆಳಕು ಬಿಡುವ ತಟ್ಟೆ, ತೆರೆದಿರುವುದು ಸುಮಾರು 133 ಡಿಗ್ರಿ, 180 ಅಲ್ಲ. ಸೆಕೆಂಡಿಗೆ 24 ಫ್ರೇಮ್ ಓಡಿಸಿದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 1/65 ಸೆಕೆಂಡು. ಅದರ ಮೇಲೆ ರಿಫ್ಲೆಕ್ಸ್ ಅಂದರೆ ಒಳಗೊಂದು ಪ್ರಿಸಂ ಕೂತಿದೆ. ನಿಮ್ಮ ಕಣ್ಣಿಗೆ ಚಿತ್ರ ತೋರಿಸೋಕೆ ಅದು ಫಿಲ್ಮಿನ ಪಾಲಿನ ಬೆಳಕಿನಲ್ಲೇ ಐದನೇ ಒಂದು ಭಾಗ ಕದಿಯುತ್ತದೆ. ಹಾಗಾಗಿ ಮೀಟರ್‌ನಲ್ಲಿ 1/80 ಇಡಬೇಕು. ಕನ್ನಡಿ ತಿರುಗುವ ಕ್ಯಾಮೆರಾಗಳಲ್ಲಿ, ರಷ್ಯಾದ ಕ್ರಾಸ್ನೊಗೊರ್ಸ್ಕ್‌ನಂಥವುಗಳಲ್ಲಿ, ಈ ಕಳ್ಳತನ ಇಲ್ಲ. ಅದರ ಶಟರ್ ಕೂಡ 150 ಡಿಗ್ರಿ.

ಈಗ ಅಂಗೈ ಲೆಕ್ಕ. ಉರಿ ಹಾಕುವವರ ಮುಖ ಎಲ್ಲಿರುತ್ತದೋ ಅಲ್ಲಿ ನಿಮ್ಮ ಅಂಗೈ ಹಿಡಿಯಿರಿ. ಬೆಂಕಿಗೆ ಎದುರಾಗಿ. ಮೀಟರ್ ಅಂಗೈಯನ್ನು ಮಾತ್ರ ನೋಡಬೇಕು. ಬಂದ ಅಂಕಿಯಿಂದ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಹಾಗೆ, ತೆರೆಯಿರಿ. ನಮ್ಮೆಲ್ಲರ ಮೈಬಣ್ಣ ಬೇರೆಬೇರೆ, ಅಂಗೈ ಮಾತ್ರ ಹೆಚ್ಚುಕಮ್ಮಿ ಒಂದೇ. ಮೀಟರ್ ಎದುರು ನೋಡುವ ಬೂದಿ ಬಣ್ಣಕ್ಕಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗೆ.

ಅಳೆದು ಬಂದು ಹೇಳಿ. ಆಮೇಲೆ ಮಾತಾಡೋಣ.

ಮೂರುನಿಮಿಷ, ಮೈಸೂರು

ನನ್ನದು 16 ಎಂಎಂ ಅಲ್ಲ, ಸೂಪರ್ 8. ಆದರೆ ಕತ್ತಲಲ್ಲಿ ಎರಡು ಕಾರ್ಟ್ರಿಜ್ ಸುಟ್ಟ ಅನುಭವ ಇದೆ, ಹೇಳುತ್ತೇನೆ.

ಕ್ಯಾಮೆರಾ ಕ್ಯಾನನ್ 310 ಎಕ್ಸ್‌ಎಲ್. ಎಫ್ 1.0 ಲೆನ್ಸ್, 220 ಡಿಗ್ರಿ ಶಟರ್. ಎಪ್ಪತ್ತರ ದಶಕದಲ್ಲಿ ಮನೆಯೊಳಗಿನ ಮಾಮೂಲಿ ದೀಪದಲ್ಲೇ ತೆಗೆಯಲಿ ಅಂತ ಇಂಥ ಎಕ್ಸ್‌ಎಲ್ ಕ್ಯಾಮೆರಾ ಮಾಡಿದರು. ಸೆಕೆಂಡಿಗೆ 18 ಫ್ರೇಮ್, ಅಂದರೆ ಒಂದು ಫ್ರೇಮಿಗೆ ಸುಮಾರು 1/29. ಕತ್ತಲಿಗೆ ಇದಕ್ಕಿಂತ ಏನು ಬೇಕು ಅಂದುಕೊಂಡು ಒಂದು ನವೆಂಬರ್ ಭಾನುವಾರ ಅರಮನೆ ಮುಂದೆ ನಿಂತೆ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದವು. ಜನ ಹೋ ಅಂದರು. ನಾನು ಒತ್ತಿದೆ.

ಬಂದ ಚಿತ್ರದಲ್ಲಿ ಅರಮನೆಯೇ ಇಲ್ಲ! ಕರೀ ಬಟ್ಟೆಗೆ ಹಳದಿ ಚಮಕಿ ಹೊಲಿದ ಹಾಗೆ ಚುಕ್ಕಿಗಳು. ಗೋಪುರ ಯಾವುದು ಆಕಾಶ ಯಾವುದು ಗೊತ್ತಾಗಲ್ಲ. ಪಕ್ಕಕ್ಕೆ ತಿರುಗಿಸಿದಾಗಲೆಲ್ಲ ಆಟೊ ಎಕ್ಸ್‌ಪೋಷರ್ ಗಾಬರಿಯಾಗಿ ತೆರೆಯೋದು, ಮುಚ್ಚೋದು. ದೀಪಾವಳಿ ಸರ ಕೆಟ್ಟುಹೋದ ಹಾಗೆ.

ಎರಡನೇ ಸಲ ಜೂನ್ ಕೊನೆಯ ಭಾನುವಾರ ಹೋದೆ. ನವೆಂಬರ್‌ನಲ್ಲಿ ಮೈಸೂರಿಗೆ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಜೂನ್ ಕೊನೆಯಲ್ಲಿ ಆರೂ ಮುಕ್ಕಾಲು ದಾಟಿರುತ್ತದೆ. ಆದರೆ ಬಲ್ಬು ಹತ್ತುವುದು ಯಾವಾಗಲೂ ಏಳಕ್ಕೇ! ಜೂನ್‌ನಲ್ಲಿ ಆ ಹೊತ್ತಿಗೆ ಆಕಾಶ ಇನ್ನೂ ನೀಲಿ. ಮೋಡ ಇತ್ತು, ಆದರೂ ಗೋಡೆ, ಕಮಾನು, ಗುಮ್ಮಟ ಎಲ್ಲ ಬಂತು. ಅದೇ ಫಿಲ್ಮು, ಅದೇ ಕ್ಯಾಮೆರಾ.

ಹಾಗಾಗಿ ನಿಮ್ಮ ಆಲೆಮನೆಯ ದೂರದ ಶಾಟ್‌ಗಳನ್ನು ಮುಸ್ಸಂಜೆಗೆ ಮುಗಿಸಿ. ಹತ್ತಿರದ್ದನ್ನು ರಾತ್ರಿಗೆ ಇಡಿ. ನೋಡುವವರಿಗೆ ಎಲ್ಲ ಒಂದೇ ರಾತ್ರಿ ಅನ್ನಿಸುತ್ತದೆ.

ಬಾಲ್ಕನಿ

ಶಿವನಸಮುದ್ರದ ನೀರು ಮಂಡ್ಯ ಜಿಲ್ಲೆಯದು. ಅದರ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರಿಗೆ ಬಂದಿದ್ದು 1908ಕ್ಕೆ. ಮಂಡ್ಯದ ಆಲೆಮನೆಗೆ ಇವತ್ತಿಗೂ ಒಂದೇ ಟ್ಯೂಬ್‌ಲೈಟ್. ಸುಮ್ನೆ ಹೇಳಿದೆ.

ಕತ್ತಲೆಕೋಣೆ, ಮೈಸೂರು

ಇಷ್ಟು ಯೋಚನೆ ಯಾಕೆ? 1000 ಅಂತ ಲೆಕ್ಕ ಹಾಕಿ ತೆಗೆಯಿರಿ. ಲ್ಯಾಬ್‌ಗೆ ಒಂದು ಸ್ಟಾಪ್ ಪುಶ್ ಮಾಡಿ ಅಂತ ಚೀಟಿ ಬರೆಯಿರಿ. ಡೆವಲಪರ್‌ನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಡುತ್ತಾರೆ, ಕೆಲಸ ಆಯಿತು.

ಇನ್ನೊಂದು ವಿಷಯ. ಈ ರೋಲನ್ನು ಮಾಮೂಲಿ ಕಲರ್ ಫೋಟೊ ಲ್ಯಾಬ್‌ಗೆ ಕೊಡಬೇಡಿ. 2025ರ ತನಕ ತಯಾರಾದ ರೋಲಾದರೆ ಇದರ ಬೆನ್ನಿಗೆ ರೆಮ್‌ಜೆಟ್ ಅನ್ನೋ ಕರೀ ಲೇಪ ಇರುತ್ತದೆ. ಅದನ್ನು ಮೊದಲು ತೊಳೆದು ತೆಗೆಯಬೇಕು. ಇಲ್ಲದಿದ್ದರೆ ಅವರ ಮೆಷಿನ್ನು, ಕೆಮಿಕಲ್ಲು, ನಿಮ್ಮ ಫಿಲ್ಮು ಮೂರೂ ಹಾಳು. ಸಿನಿಮಾ ಫಿಲ್ಮ್ ತೊಳೆಯುವ ಇಸಿಎನ್-2 ವಿಧಾನ ಮಾಡುವವರಿಗೇ ಕಳಿಸಿ.

ಕೀಲಿಕೊಟ್ಟವನು

ರೆಮ್‌ಜೆಟ್ ಮಾತು ಸರಿ. ಪುಶ್ ಮಾತು ಒಪ್ಪಲ್ಲ.

ನೆಗೆಟಿವ್ ಫಿಲ್ಮಿನಲ್ಲಿ ಬೆಳಕು ಬೀಳದ ಜಾಗದಲ್ಲಿ ಏನೂ ಇರಲ್ಲ. ಇಲ್ಲದ್ದನ್ನು ಎಷ್ಟು ಹೊತ್ತು ಕುದಿಸಿದರೂ ಇಲ್ಲದ್ದೇ. ಹಾಲಿಲ್ಲದೆ ಬರೀ ನೀರು ಕಾಯಿಸಿ ಕೆನೆ ಕಟ್ಟಲಿ ಅಂತ ಕಾದ ಹಾಗೆ. ಪುಶ್ ಮಾಡಿದರೆ ಏರುವುದು ಬೆಳಕಿರುವ ಜಾಗ. ಕಾಂಟ್ರಾಸ್ಟ್ ಹೆಚ್ಚುತ್ತದೆ, ಗ್ರೇನ್ (ಚಿತ್ರದಲ್ಲಿ ಮರಳು ಮರಳಾಗಿ ಕಾಣುವುದು) ಹೆಚ್ಚುತ್ತದೆ. ಬೆಂಕಿ ಬೆಳಕಿಗೆ ಕಾಂಟ್ರಾಸ್ಟ್ ಏನಾದರೂ ಕಮ್ಮಿಯಾಗಿದೆಯಾ? ಮುಖದ ಒಂದು ಭಾಗ ಕೆಂಡ, ಇನ್ನೊಂದು ಭಾಗ ಇದ್ದಿಲು.

ಕತ್ತಲೆಕೋಣೆ

ಸಪ್ಪೆ ಬೆಳಕಿನಲ್ಲಿ ಪುಶ್ ಚೆನ್ನಾಗಿಯೇ ಬರುತ್ತದೆ ಸಾರ್. ಟ್ಯೂಬ್‌ಲೈಟ್ ಇರುವ ಹೋಟೆಲ್ ಒಳಗೆ ನಾನೇ ನೋಡಿದ್ದೇನೆ. ಬೆಂಕಿಗೆ ಬೇಡ ಅನ್ನುವುದಾದರೆ ಒಪ್ಪುತ್ತೇನೆ. ಇನ್ನೊಂದು ತೊಡಕೂ ಇದೆ. ಪುಶ್ ಮಾಡಿದರೆ ಇಡೀ ರೋಲಿಗೆ ಆಗುತ್ತದೆ, ಮುಸ್ಸಂಜೆಯ ಶಾಟ್‌ಗೂ ಸೇರಿ. ಇರುವುದೇ ಒಂದು ರೋಲು.

ಕೀಲಿಕೊಟ್ಟವನು

ಅಲ್ವಾ? ಈ ಜಾತಿಯ ನೆಗೆಟಿವ್ ಜಾಸ್ತಿ ಬೆಳಕನ್ನು ಎರಡು ಮೂರು ಸ್ಟಾಪ್ ಆರಾಮಾಗಿ ನುಂಗಿಕೊಳ್ಳುತ್ತದೆ. ಕಮ್ಮಿ ಬೆಳಕನ್ನು ಒಂದು ಸ್ಟಾಪ್ ಕೂಡ ಕ್ಷಮಿಸಲ್ಲ. ಡಿಜಿಟಲ್‌ನವರು ಇದನ್ನು ತಲೆಕೆಳಗು ಕಲಿತಿರುತ್ತಾರೆ.

ಬೆಂಕಿಯಲ್ಲಿ ಇನ್ನೊಂದು ಕಷ್ಟ ಇದೆ. 500ಟಿಯ ಟಿ ಅಂದರೆ ಟಂಗ್‌ಸ್ಟನ್. 3200 ಕೆಲ್ವಿನ್ ಬೆಳಕಿಗೆ ಮಾಡಿದ್ದು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಕೆಂಪು. ದೀಪದ ಕುಡಿ, ಸೌದೆ ಬೆಂಕಿ ಎಲ್ಲ 1900ರ ಹತ್ತಿರ. ಅದರಲ್ಲಿ ನೀಲಿ ತೀರಾ ಕಮ್ಮಿ. ಫಿಲ್ಮಿನ ನೀಲಿ ಪದರ ಉಪವಾಸ ಬೀಳುತ್ತದೆ, ಗ್ರೇನ್ ಎಲ್ಲ ಅಲ್ಲೇ ಕಾಣಿಸುತ್ತದೆ. ಅದಕ್ಕೆ ಅಂಗೈ ಲೆಕ್ಕದ ಮೇಲೆ ಇನ್ನೂ ಒಂದು ಸ್ಟಾಪ್ ಜಾಸ್ತಿ ಕೊಡಿ. ಅಷ್ಟು ಬೆಳಕು ಸಿಕ್ಕರೆ ಮಾತ್ರ.

ಕಬ್ಬಿನಗದ್ದೆ

ನಿನ್ನೆ ರಾತ್ರಿ ಅಳೆದೆ. 500, 1/80. ಒಲೆಯ ಬಾಯಿಂದ ಮೂರಡಿಗೆ, ಉರಿ ಹಾಕುವ ಅಜ್ಜ ಕುಕ್ಕರಗಾಲಲ್ಲಿ ಕೂರುವ ಜಾಗದಲ್ಲಿ ಅಂಗೈ ಹಿಡಿದೆ. ಎಫ್ 2.4 ಬಂತು. ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಎಸೆದ ಕೂಡಲೇ 4 ದಾಟುತ್ತದೆ. ಅದು ಬೂದಿಯಾದ ಮೇಲೆ 2ಕ್ಕೂ ಕೆಳಗೆ.

ಆರಡಿಗೆ ಹೋದರೆ ಎಲ್ಲ ಎರಡು ಸ್ಟಾಪ್ ಬಿದ್ದೇ ಹೋಗುತ್ತದೆ. ಪಾಕ ತಿರುವುವವರು ನಿಲ್ಲುವುದು ಅಲ್ಲೇ, ಕೊಪ್ಪರಿಗೆಯ ಪಕ್ಕ. ಅವರಿಗೆ ಬೆಂಕಿಯೇ ಕಾಣಲ್ಲ, ಬರೀ ಹಬೆ.

ಕೀಲಿಕೊಟ್ಟವನು

ಎಫ್ 2.4 ಅಂದರೆ ಅಜ್ಜ ಸಿಕ್ಕಿದರು ಅಂತ ಲೆಕ್ಕ. ಅಂಗೈಗೆ ಒಂದು ಸ್ಟಾಪ್ ತೆರೆದರೆ 1.7. ನೀಲಿಗೆ ಅರ್ಧ ಸ್ಟಾಪ್ ಸಿಕ್ಕಿತು, 1.4. ಉರಿ ಏರಿದಾಗ ಇನ್ನೂ ಒಂದೂವರೆ ಸ್ಟಾಪ್ ಬೋನಸ್. ರಚ್ಚು ಎಸೆಯುವ ಕೈ ಹಿಂದೆ ಹೋದಾಗ ಒತ್ತಿ, ಉರಿ ಕುಗ್ಗುವಾಗ ಬಿಡಿ. ಫಿಲ್ಮೂ ಉಳಿಯುತ್ತದೆ.

ಪಾಕ ತಿರುವುವವರಿಗೆ ಬೇರೆ ದೀಪ ಬೇಕು. ಹಳೇ ಲೆಕ್ಕ ಒಂದಿದೆ: 100ರ ಫಿಲ್ಮಿಗೆ, 24 ಫ್ರೇಮಿಗೆ, ಎಫ್ 2.8ಕ್ಕೆ 100 ಫುಟ್‌ಕ್ಯಾಂಡಲ್ ಬೆಳಕು. ಇದೊಂದು ನೆನಪಿದ್ದರೆ ಉಳಿದಿದ್ದೆಲ್ಲ ಬೆರಳೆಣಿಕೆ. 500ಕ್ಕೆ ಐದನೇ ಒಂದು ಭಾಗ, 20. ಎಫ್ 1.4ಕ್ಕೆ ಅದರಲ್ಲಿ ಕಾಲು ಭಾಗ, 5. ನಿಮ್ಮ ಚಿಕ್ಕ ಶಟರು, ಪ್ರಿಸಂ ಸೇರಿಸಿದರೆ 7 ಅಥವಾ 8. ಒಂದು ಫುಟ್‌ಕ್ಯಾಂಡಲ್ ಅಂದರೆ ಹತ್ತು ಚಿಲ್ಲರೆ ಲಕ್ಸ್. ಒಟ್ಟು 80 ಲಕ್ಸ್ ಇದ್ದರೆ ಮುಖ ಬರುತ್ತದೆ.

ಬಾಲ್ಕನಿ

ಮದುವೆಮನೆಯ ಹ್ಯಾಲೊಜನ್ ಒಂದು ಬಾಡಿಗೆಗೆ ತಂದು ನಿಲ್ಲಿಸಿದರೆ?

ಕೀಲಿಕೊಟ್ಟವನು

ಒಣ ರಚ್ಚಿನ ರಾಶಿ ಪಕ್ಕದಲ್ಲಿ ಅಂಥ ಬಿಸಿ ಲೈಟು ಬೇಡವೇ ಬೇಡ. 1989ರ ಫೆಬ್ರವರಿಯಲ್ಲಿ ಮೈಸೂರಿನ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ಹೋದರು. ನಮ್ಮ ಊರಿನಲ್ಲಿ ಸಿನಿಮಾ ಲೈಟು ಮುಟ್ಟಿದವರು ಯಾರೂ ಅದನ್ನು ಮರೆತಿಲ್ಲ.

ಹಳೇ ಕಾಲದ 100 ವ್ಯಾಟ್ ಗುಂಡು ಬಲ್ಬು ಸಿಕ್ಕರೆ ಒಂದು ತನ್ನಿ. ಮೂರು ಮೂರೂವರೆ ಅಡಿ ದೂರದಲ್ಲಿ ಅದು ಸುಮಾರು 100 ಲಕ್ಸ್ ಕೊಡುತ್ತದೆ. ರಚ್ಚಿನಿಂದ ದೂರ ಇರುವ ತೊಲೆಗೆ ನೇತುಹಾಕಿ, ಪಾಕ ತಿರುವುವವರ ಮುಖದ ಪಕ್ಕಕ್ಕೆ. ಫ್ರೇಮಿನಲ್ಲಿ ಬಲ್ಬು ಕಂಡರೂ ಚಿಂತೆಯಿಲ್ಲ, ಆಲೆಮನೆಯಲ್ಲಿ ಬಲ್ಬು ಇರುವುದೇ ತಾನೆ. ಅದರ ಬಣ್ಣವೂ ಈ ಫಿಲ್ಮಿಗೆ ಹತ್ತಿರ. ಟ್ಯೂಬ್ ಆರಿಸಿ.

ಕಬ್ಬಿನಗದ್ದೆ

ಟ್ಯೂಬ್ ಆರಿಸೋಕೆ ಆಗಲ್ಲ. ಗಾಣಕ್ಕೆ ಕಬ್ಬು ಕೊಡುವವರ ಕೈ ಅಲ್ಲೇ ಇರುತ್ತದೆ. ಕತ್ತಲು ಮಾಡಿದರೆ ಬೆರಳು ಹೋಗುತ್ತದೆ.

ಮೂರುನಿಮಿಷ

ಹಾಗಾದರೆ 24 ಬಿಟ್ಟು 18ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಸರಿಯಾಗಿ 1/50 ತೆರೆದಿದ್ದರೆ ಪ್ರತಿ ಫ್ರೇಮಿಗೂ ಎರಡು ಮಿನುಗು ಪೂರ್ತಿ ಸಿಗುತ್ತದೆ, ಚಿತ್ರ ಬಡಿದುಕೊಳ್ಳಲ್ಲ. 133 ಡಿಗ್ರಿ ಶಟರ್‌ನಲ್ಲಿ 18 ಫ್ರೇಮ್ ಓಡಿಸಿದರೆ 1/49 ಬರುತ್ತದೆ. ಕೂಡಿಸಿ ಭಾಗಿಸಿ ನೋಡಿ, ನನಗೂ ಆಶ್ಚರ್ಯ ಆಯಿತು.

ಕೀಲಿಕೊಟ್ಟವನು

ಇದು ನನಗೆ ಹೊಳೆದಿರಲಿಲ್ಲ. ಶಹಬ್ಬಾಸ್. ಪ್ರಿಸಂ ಕದಿಯುವುದು ಬೆಳಕನ್ನು, ಸಮಯವನ್ನಲ್ಲ. ಹಾಗಾಗಿ ಮಿನುಗಿನ ಲೆಕ್ಕಕ್ಕೆ 1/49, ಮೀಟರ್‌ಗೆ 1/60. ಬೆಳಕಿನಲ್ಲೂ ಹತ್ತಿರ ಹತ್ತಿರ ಅರ್ಧ ಸ್ಟಾಪ್ ಲಾಭ. 100 ಅಡಿ ರೋಲು 24ರಲ್ಲಿ 2 ನಿಮಿಷ 46 ಸೆಕೆಂಡು ಓಡುತ್ತದೆ, 18ರಲ್ಲಿ 3 ನಿಮಿಷ 42. ಸ್ಕ್ಯಾನ್ ಮಾಡುವವರಿಗೆ 18 ಅಂತ ಹೇಳಿದರೆ ನಡಿಗೆ ಸರಿಯಾಗಿಯೇ ಕಾಣುತ್ತದೆ.

ಸ್ಪ್ರಿಂಗ್ ನಿಜವಾಗಿ 18 ಓಡುತ್ತದೆಯೋ ನೋಡಿಕೊಳ್ಳಿ. ಟ್ರಂಕಿನಲ್ಲಿದ್ದ ಕ್ಯಾಮೆರಾದ ಗ್ರೀಸ್ ಗಟ್ಟಿಯಾಗಿರುತ್ತದೆ. ಹಾಳಾದ ಫಿಲ್ಮ್ ತುಂಡು ಹಾಕಿ, 10 ಅಡಿ ಓಡಿಸಿ, ಗಡಿಯಾರ ಹಿಡಿಯಿರಿ. 18ಕ್ಕೆ 22 ಸೆಕೆಂಡು ಆಗಬೇಕು.

ಲೆನ್ಸ್ ಮೇಲೆ ಆರ್‌ಎಕ್ಸ್ ಅಂತ ಕೆತ್ತಿದೆಯಾ? 50 ಎಂಎಂ ಮತ್ತು ಅದಕ್ಕಿಂತ ಚಿಕ್ಕ ಲೆನ್ಸ್‌ಗೆ ಅದು ಬೇಕು. ಪ್ರಿಸಂ ದಾಟಿ ಬರುವ ಬೆಳಕಿಗೆ ಅಂತಲೇ ತಿದ್ದಿದ ಲೆನ್ಸು ಅವು. ಆರ್‌ಎಕ್ಸ್ ಇಲ್ಲದ್ದನ್ನು ಎಫ್ 8ರಲ್ಲಿ ಬಳಸಿದರೆ ಯಾರಿಗೂ ಗೊತ್ತಾಗಲ್ಲ. 1.4ಕ್ಕೆ ತೆರೆದರೆ ಎಲ್ಲ ಮಸುಕು.

ಕಬ್ಬಿನಗದ್ದೆ

ಎರಡರ ಮೇಲೂ ಆರ್‌ಎಕ್ಸ್ ಇದೆ. ದೊಡ್ಡಪ್ಪನಿಗೆ ಜೈ. 10 ಅಡಿಗೆ 23 ಸೆಕೆಂಡು ಬಂತು.

ಫೋಕಸ್ ಬಗ್ಗೆ ಭಯ ಇದೆ. ಫೈಂಡರ್‌ನಲ್ಲಿ ರಾತ್ರಿ ಏನೂ ಕಾಣಲ್ಲ.

ಕೀಲಿಕೊಟ್ಟವನು

ಟೇಪು. ದರ್ಜಿ ಟೇಪು ಆದರೂ ಸೈ. ಕ್ಯಾಮೆರಾ ಮೈಮೇಲಿನ ಫಿಲ್ಮ್ ಗುರುತಿನಿಂದ ಅಜ್ಜನ ಕಣ್ಣಿಗೆ ಅಳೆಯಿರಿ. 25 ಎಂಎಂ, ಎಫ್ 1.4, ಆರೂವರೆ ಅಡಿ ದೂರ ಅಂದರೆ ಒಟ್ಟು ಒಂದಡಿ ಚಿಲ್ಲರೆ ಮಾತ್ರ ಚೂಪಾಗಿರುತ್ತದೆ. ಅಜ್ಜ ಮುಂದೆ ಬಾಗಿದರೆ ಹೋಯಿತು. ಹಾಗಾಗಿ ಬಾಗಿದಾಗ ಮುಖ ಎಲ್ಲಿರುತ್ತದೋ ಅದಕ್ಕೆ ಇಡಿ. 10 ಎಂಎಂನಲ್ಲಿ ಚಿಂತೆಯಿಲ್ಲ, 10 ಅಡಿಗೆ ಇಟ್ಟರೆ ಐದು ಅಡಿಯಿಂದಾಚೆ ಎಲ್ಲ ಸಿಗುತ್ತದೆ.

ಕೊನೆಗೆ ನನ್ನ ತಪ್ಪೊಂದು ಕೇಳಿ. ಎಂಬತ್ತರ ದಶಕದಲ್ಲಿ ಮೇಲುಕೋಟೆಯ ವೈರಮುಡಿ ತೆಗೆಯೋಕೆ ಹೋಗಿದ್ದೆ, ಒಬ್ಬರಿಗೆ ಸಹಾಯಕನಾಗಿ. ಆ ಕಿರೀಟಕ್ಕೆ ಬಿಸಿಲು ತಾಗಬಾರದು ಅನ್ನೋ ನಂಬಿಕೆ, ಉತ್ಸವ ರಾತ್ರಿಯೇ. ದೀವಟಿಗೆ ಬೆಳಕು, ಒಂದೆರಡು ಪೆಟ್ರೊಮ್ಯಾಕ್ಸ್. ಲೆನ್ಸ್ ಪೂರ್ತಿ ತೆರೆದೆ, ಅಳೆದೆ, ಎಲ್ಲ ಸರಿ ಮಾಡಿದೆ. ಮನೆಗೆ ಬಂದು ನೋಡಿದರೆ ಶಟರ್ ಸಣ್ಣದು ಮಾಡುವ ಸನ್ನೆ ಅರ್ಧಕ್ಕೆ ನಿಂತಿದೆ! ಹಗಲಿನಲ್ಲಿ ಯಾವುದಕ್ಕೋ ತಳ್ಳಿದ್ದೆ, ವಾಪಸ್ ಎಳೆದಿರಲಿಲ್ಲ. ಒಂದು ಸ್ಟಾಪ್ ಪೂರ್ತಿ ಹೋಯಿತು. ಕಿರೀಟದ ಕಲ್ಲು ಹೊಳೆಯಿತು, ಹೊತ್ತವರ ಮುಖ ಒಂದೂ ಬರಲಿಲ್ಲ. ಆ ವರ್ಷ ಹೊತ್ತವರಲ್ಲಿ ನಮ್ಮ ಭಾವ ಒಬ್ಬರು. ಈಗಲೂ ಹಬ್ಬಕ್ಕೆ ಸಿಕ್ಕರೆ ಕೇಳುತ್ತಾರೆ.

ನಿಮ್ಮ ಕ್ಯಾಮೆರಾದಲ್ಲೂ ಆ ಸನ್ನೆ ಇರಬಹುದು. ಪೂರ್ತಿ ತೆರೆದಿಟ್ಟು ಮೇಲೊಂದು ಟೇಪು ಅಂಟಿಸಿ. ಕಣ್ಣು ತೆಗೆದಾಗಲೆಲ್ಲ ಫೈಂಡರ್ ಮುಚ್ಚಿ, ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಗ್ಗುತ್ತದೆ. ರೋಲನ್ನು ಮನೆಯಲ್ಲೇ ಮಬ್ಬು ಬೆಳಕಿನಲ್ಲಿ ತುಂಬಿ. 500ರ ಫಿಲ್ಮಿನ ಅಂಚು ಬೇಗ ಸುಡುತ್ತದೆ.

ಕಬ್ಬಿನಗದ್ದೆ (ಎರಡು ವಾರದ ನಂತರ)

ಶನಿವಾರ ರಾತ್ರಿ ತೆಗೆದೆ. 82 ಅಡಿ ಖರ್ಚಾಯಿತು, ಉಳಿದಿದ್ದು ಕ್ಯಾಮೆರಾದಲ್ಲೇ ಇದೆ.

ಮೊದಲು ಕಷ್ಟ ಹೇಳುತ್ತೇನೆ. ಹೊರಗೆ ಚಳಿ, ಒಳಗೆ ಹಬೆ. ಕೊಪ್ಪರಿಗೆ ಹತ್ತಿರ ಹೋದ ಕೂಡಲೇ ಲೆನ್ಸ್ ಮೇಲೆ ಮಂಜು ಕೂತಿತು. ಇದನ್ನು ಯಾರೂ ಹೇಳಿರಲಿಲ್ಲ! ಒರೆಸಿದರೆ ಮತ್ತೆ. ಕೊನೆಗೆ ಕ್ಯಾಮೆರಾವನ್ನು ಒಲೆಯಿಂದ ಹತ್ತಡಿ ದೂರ, ಬೆಲ್ಲ ಆರಿಸುವ ಜಾಗದಲ್ಲಿ ಅರ್ಧ ಗಂಟೆ ಸುಮ್ನೆ ಇಟ್ಟೆ. ಅದರ ಮೈಯೂ ಬೆಚ್ಚಗಾದ ಮೇಲೆ ಮಂಜು ಕೂರಲಿಲ್ಲ.

ಮುಸ್ಸಂಜೆಗೆ 10 ಎಂಎಂನಲ್ಲಿ ಎರಡು ಶಾಟ್. ಹೊಗೆಗೂಡು, ಹಿಂದೆ ನೀಲಿ ಆಕಾಶ, ಕಬ್ಬಿನ ಗಾಡಿ. ಆಮೇಲೆ ಕಾದೆ.

ಅಜ್ಜ ಉರಿ ಹಾಕುವುದಕ್ಕೆ ಒಂದು ತಾಳ ಇದೆ. ಎಡಗೈಯಲ್ಲಿ ರಚ್ಚು ತಬ್ಬಿ ಎಳೆಯುತ್ತಾರೆ, ಮೊಣಕಾಲಿಗೆ ಒತ್ತಿ ಸುರುಳಿ ಮಾಡುತ್ತಾರೆ, ಕವೆಗೋಲಿನಿಂದ ಒಳಗೆ ತಳ್ಳುತ್ತಾರೆ. ಒಂದು ಕ್ಷಣ ಒಲೆ ಕಪ್ಪಾಗುತ್ತದೆ, ಹೊಗೆ ಬರುತ್ತದೆ. ನಾನು ಗಾಬರಿಯಾಗಿ ಮೊದಲ ಸಲ ಅಲ್ಲೇ ಬಿಟ್ಟುಬಿಟ್ಟೆ. ಮರುಕ್ಷಣ ಬುಸ್ಸಂತ ಉರಿ ಎದ್ದು ಅವರ ಮುಖ, ಎದೆಯ ಬಿಳೀ ಕೂದಲು, ಗೋಡೆಯ ಮಸಿ ಎಲ್ಲ ಬೆಳಗಿತು. ತಪ್ಪಿಹೋಯಿತು. ಎರಡನೇ ಸಲದಿಂದ ಕಪ್ಪಾದಾಗಲೂ ಕೈ ಬಿಡಲಿಲ್ಲ.

ಬಲ್ಬು ಮಂಡ್ಯದ ಒಂದು ಹಳೇ ಅಂಗಡಿಯಲ್ಲಿ ಸಿಕ್ಕಿತು, ಧೂಳು ಹಿಡಿದಿತ್ತು. ತೊಲೆಗೆ ಕಟ್ಟಿದೆ. ಮಾಲೀಕರು ಪಾಕದ ಹದ ನೋಡೋಕೆ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡುವುದು 25 ಎಂಎಂನಲ್ಲಿ ಸಿಕ್ಕಿದೆ ಅಂದುಕೊಂಡಿದ್ದೇನೆ. ಅಚ್ಚಿಗೆ ಸುರಿಯುವುದು ಮಧ್ಯದಲ್ಲಿ ಸ್ಪ್ರಿಂಗ್ ಮುಗಿದು ನಿಂತಿತು. ಪ್ರತಿ ಶಾಟ್‌ಗೂ ಮುಂಚೆ ಪೂರ್ತಿ ಕೀಲಿ ಕೊಡಬೇಕು ಅಂತ ಗೊತ್ತಿತ್ತು. ಮರೆತೆ.

ಮೂರುನಿಮಿಷ

ಉಳಿದ 18 ಅಡಿ ಏನು ಮಾಡುತ್ತೀರಿ?

ಕಬ್ಬಿನಗದ್ದೆ

ಬೆಳಿಗ್ಗೆ ಆರಿದ ಒಲೆ ತೆಗೆದು ಮುಗಿಸುತ್ತೇನೆ. ಆಮೇಲೆ ಲ್ಯಾಬ್‌ಗೆ.

ಕತ್ತಲೆಕೋಣೆ

ವಿಮಾನದಲ್ಲಿ ಯಾರ ಕೈಲಾದರೂ ಕಳಿಸುವುದಾದರೆ ಸ್ಕ್ಯಾನರ್‌ಗೆ ಹಾಕಿಸಬೇಡಿ, ಕೈಯಲ್ಲಿ ನೋಡಿ ಅಂತ ಕೇಳಿಕೊಳ್ಳಿ. ವಿಮಾನ ನಿಲ್ದಾಣದ ಹೊಸ ಸಿಟಿ ಎಕ್ಸ್‌ರೇ ಸ್ಕ್ಯಾನರ್ ಫಾಸ್ಟ್ ಫಿಲ್ಮನ್ನು ಮಂಕು ಮಾಡಿಬಿಡುತ್ತದೆ. ಡಬ್ಬಿ ಮೇಲೆ "ಪುಶ್ ಬೇಡ, 18 ಫ್ರೇಮ್" ಅಂತ ಬರೆಯಿರಿ.

ಕಬ್ಬಿನಗದ್ದೆ (ಏಳು ವಾರದ ನಂತರ)

ಬಂತು.

ಅಜ್ಜನ ಮುಖ ಬಂದಿದೆ. ಕಣ್ಣಿನ ಕೆಳಗಿನ ಗೆರೆ ಎಣಿಸಬಹುದು. ಉರಿ ಎದ್ದಾಗ ಬೆಂಕಿ ಬಿಳಿಯಾಗಿ ಸುಟ್ಟುಹೋಗುತ್ತದೆ ಅಂದುಕೊಂಡಿದ್ದೆ, ಇಲ್ಲ, ನಾಲಿಗೆ ನಾಲಿಗೆಯಾಗಿ ಕಾಣುತ್ತದೆ. ಎಫ್ 1.4ರಲ್ಲಿ! ಗೋಡೆ ಪೂರ್ತಿ ಕಪ್ಪು. ಇರಲಿ. ಮಾಲೀಕರ ಬೆರಳಿನ ಉಂಡೆ ಸ್ವಲ್ಪ ಫೋಕಸ್ ಆಚೆ, ಕಿವಿ ಚೂಪಾಗಿದೆ. ಗಾಣದ ಹತ್ತಿರ ಹಸಿರು ಛಾಯೆ ಇದೆ, ಮಿನುಗು ಇಲ್ಲ. ಒಂದು ಶಾಟ್ ಪೂರ್ತಿ ಕೆಂಪಗೆ ಮಂಕಾಗಿದೆ. ಬೆಂಕಿಗೆ ಬೆನ್ನು ಹಾಕಿ ನಿಂತಿದ್ದೆ, ಫೈಂಡರ್ ಮುಚ್ಚಿರಲಿಲ್ಲ.

ಮಾಲೀಕರಿಗೆ ತೋರಿಸಿದೆ. ಆಲೆಮನೆ ನಿಂತು ತಿಂಗಳಾಗಿತ್ತು. ಎರಡು ಸಲ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ. "ನನ್ನ ಬೆಲ್ಲ ಇಷ್ಟು ಕೆಂಪು ಇರಲಿಲ್ಲ. ಇದು ಹದ ಮೀರಿ ಸೀದ ಬೆಲ್ಲದ ಹಾಗಿದೆ. ಇದನ್ನು ಯಾರಿಗೂ ತೋರಿಸಬೇಡ" ಅಂದರು.

ಏನು ಮಾಡಲಿ?

ಕೀಲಿಕೊಟ್ಟವನು

ಅವರು ಹೇಳಿದ್ದೇ ಸರಿ. 3200ರ ಫಿಲ್ಮಿಗೆ 1900ರ ಬೆಳಕು ಕೊಟ್ಟರೆ ಹಾಲೂ ಕೆಂಪಗೇ ಕಾಣುತ್ತದೆ. ಕಣ್ಣು ತಾನೇ ತಿದ್ದಿಕೊಳ್ಳುತ್ತದೆ, ಫಿಲ್ಮ್ ತಿದ್ದಿಕೊಳ್ಳಲ್ಲ. ಲೆನ್ಸ್ ಮುಂದೆ ನೀಲಿ ಫಿಲ್ಟರ್ ಹಾಕಿದ್ದರೆ ಒಂದೆರಡು ಸ್ಟಾಪ್ ಬೆಳಕು ಹೋಗುತ್ತಿತ್ತು, ಅಜ್ಜನೇ ಇರುತ್ತಿರಲಿಲ್ಲ. ಈಗ ಸ್ಕ್ಯಾನ್‌ನಲ್ಲಿ ತಿದ್ದಿ. ಜಾಸ್ತಿ ಬೆಳಕು ಕೊಟ್ಟಿದ್ದೀರಿ, ನೀಲಿ ಪದರದಲ್ಲಿ ಎಳೆಯೋಕೆ ಏನಾದರೂ ಸಿಗುತ್ತದೆ. ಬೆಂಕಿಯ ಶಾಟ್ ಪೂರ್ತಿ ಬಿಳಿ ಮಾಡಬೇಡಿ, ಬೆಂಕಿ ಬೆಂಕಿಯ ಹಾಗೆ ಇರಲಿ. ಬೆಲ್ಲದ ಶಾಟ್ ಮಾತ್ರ ಅವರನ್ನು ಪಕ್ಕ ಕೂರಿಸಿಕೊಂಡು ತಿದ್ದಿ.

ಕಬ್ಬಿನಗದ್ದೆ

ಭಾನುವಾರ ಲ್ಯಾಪ್‌ಟಾಪ್ ತಗೊಂಡು ಅವರ ಜಗುಲಿಗೆ ಹೋದೆ. ಅವರು ಒಳಗೆ ಹೋಗಿ ಕೊನೆಯ ಕೊಪ್ಪರಿಗೆಯ ಅಚ್ಚು ಬೆಲ್ಲ ಒಂದು ತಂದು ಕೀಬೋರ್ಡ್ ಪಕ್ಕ ಇಟ್ಟರು. ನಾನು ಕೆಂಪು ಇಳಿಸುತ್ತಾ ಹೋದೆ. ಅವರು ಒಮ್ಮೆ ಬೆಲ್ಲ, ಒಮ್ಮೆ ಸ್ಕ್ರೀನ್ ನೋಡುತ್ತಾ "ಇನ್ನೂ... ಇನ್ನೂ..." ಅಂದರು. ಸುಮಾರು ಇಪ್ಪತ್ತು ನಿಮಿಷ. ಆಮೇಲೆ "ಹಾಂ, ಹದ ಬಂತು, ಇಳಿಸು" ಅಂದರು.

ಬೆಲ್ಲ ನನಗೇ ಕೊಟ್ಟರು. ಲ್ಯಾಪ್‌ಟಾಪ್‌ಗೆ ಇರುವೆ ಹತ್ತಿದೆ.